ಕಾರ್ನ್‌ವಾಲ್‌ನ ತವರದ ಕರಾವಳಿ: ಮೊದಲು ಗಣಿಗೆ ಇಳಿಯಿರಿ, ಆಮೇಲೆ ಕಡಲು ನೋಡಿ

ಮೊದಲ ಸಲ ಹೋದಾಗ ನಾನು ಎಲ್ಲರೂ ಮಾಡುವ ತಪ್ಪನ್ನೇ ಮಾಡಿದೆ. ಪೋಸ್ಟ್‌ಕಾರ್ಡುಗಳಲ್ಲಿ ಕಾಣುವ ಎರಡು ಕಲ್ಲಿನ ಮನೆಗಳಿವೆಯಲ್ಲ, ಬಂಡೆಯ ಅಂಚಿಗೆ ಅಂಟಿಕೊಂಡಂತೆ ನಿಂತಿರುವವು, ನೇರವಾಗಿ ಅಲ್ಲಿಗೇ ಹೋದೆ. ಹತ್ತಾರು ಫೋಟೊ ತೆಗೆದೆ, ಗಾಳಿಗೆ ಕಿವಿ ನೋಯಿಸಿಕೊಂಡೆ, ಬಸ್ಸು ಹಿಡಿದು ವಾಪಸ್ ಬಂದೆ. ಮನೆಗೆ ಬಂದ ಮೇಲೆ ಯಾರೋ ಕೇಳಿದರು: 'ಆ ಮನೆಯಲ್ಲಿ ಯಾರಿದ್ದರು?' ಯಾರೂ ಇರಲಿಲ್ಲ, ಅದು ಮನೆಯೇ ಅಲ್ಲ, ಒಂದು ಉಗಿಯಂತ್ರದ ಗೂಡು ಎಂದು ಹೇಳುವಷ್ಟೂ ನನಗೆ ಗೊತ್ತಿರಲಿಲ್ಲ.

ಎರಡನೇ ಸಲ ಕ್ರಮ ಬದಲಿಸಿದೆ. ಮೊದಲು ನೆಲದೊಳಗೆ ಇಳಿದು, ಆಮೇಲೆ ಕಡಲಂಚಿನಲ್ಲಿ ನಡೆದೆ. ಅದೇ ಎರಡು ಗೂಡುಗಳ ಮುಂದೆ ಈ ಸಲ ಮುಕ್ಕಾಲು ಗಂಟೆ ಕೂತಿದ್ದೆ. ಈ ಬರಹ ಆ ಕ್ರಮದ ಬಗ್ಗೆ.

ಜಾಗ ಯಾವುದು ಅಂದರೆ, ಇಂಗ್ಲೆಂಡಿನ ನೈರುತ್ಯದ ತುದಿ ಕಾರ್ನ್‌ವಾಲ್. ಅದರ ಪಶ್ಚಿಮ ಕೊನೆಯಲ್ಲಿ ಪೆಂಡೀನ್ ಊರಿನಿಂದ ಕೇಪ್ ಕಾರ್ನ್‌ವಾಲ್ ಎಂಬ ಭೂಶಿರದವರೆಗಿನ ಕರಾವಳಿಗೆ 'ಟಿನ್ ಕೋಸ್ಟ್' ಎನ್ನುತ್ತಾರೆ. ಟಿನ್ ಅಂದರೆ ತವರ, ನಮ್ಮ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ ಲೋಹ. ತವರದ ಜೊತೆಗೆ ತಾಮ್ರವನ್ನೂ ಇಲ್ಲಿ ಅಗೆದರು, ಕೊನೆಗೆ ಆರ್ಸೆನಿಕ್ ಎಂಬ ವಿಷವನ್ನೂ ಮಾರಿದರು. 2006ರಲ್ಲಿ ಯುನೆಸ್ಕೊ ಕಾರ್ನ್‌ವಾಲ್ ಮತ್ತು ಪಶ್ಚಿಮ ಡೆವನ್‌ನ ಗಣಿ ಪ್ರದೇಶಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹತ್ತು ತುಣುಕುಗಳಲ್ಲಿ ಹರಡಿರುವ ಆ ಪರಂಪರೆ ತಾಣದ ಒಂದು ತುಣುಕು ಈ ಕರಾವಳಿ.

ಕನ್ನಡಿಗರಿಗೆ ಇಲ್ಲಿ ಒಂದು ಬಂಧುತ್ವವೂ ಇದೆ. ಇಲ್ಲಿನ ಗಣಿಗಳು ಸೊರಗಿದಾಗ ಗಣಿ ಕೆಲಸದವರು ಜಗತ್ತಿನ ಮೂಲೆಮೂಲೆಗೆ ಹೊರಟರು. ಹೋದಲ್ಲೆಲ್ಲ ಅವರಿಗೆ 'ಕಸಿನ್ ಜ್ಯಾಕ್' ಎಂಬ ಅಡ್ಡಹೆಸರು. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೋಲಾರದ ಚಿನ್ನದ ಗಣಿ ನಡೆಸತೊಡಗಿದಾಗ ಕೆಜಿಎಫ್‌ಗೆ ಬಂದವರಲ್ಲೂ ಇದೇ ಕಾರ್ನ್‌ವಾಲ್‌ನವರಿದ್ದರು.

ಹೊರಡುವ ಮುನ್ನ

ಲಂಡನ್ನಿನ ಪ್ಯಾಡಿಂಗ್ಟನ್‌ನಿಂದ ಪೆನ್ಜಾನ್ಸ್‌ಗೆ ನೇರ ರೈಲಿದೆ, ಐದು ಗಂಟೆಯ ಮೇಲೆ ಬೇಕು. ಶನಿವಾರ ಬಿಟ್ಟು ಉಳಿದ ರಾತ್ರಿ 'ನೈಟ್ ರಿವಿಯೆರಾ' ಎಂಬ ಸ್ಲೀಪರ್ ರೈಲೂ ಓಡುತ್ತದೆ. ಪೆನ್ಜಾನ್ಸ್‌ನಲ್ಲೇ ತಂಗಿ. ರೈಲು, ಬಸ್ಸು, ದಿನಸಿ ಎಲ್ಲ ಅಲ್ಲೇ ಸಿಗುತ್ತದೆ. ಅಲ್ಲಿಂದ ಸೇಂಟ್ ಜಸ್ಟ್ ಮತ್ತು ಪೆಂಡೀನ್‌ಗೆ ಬಸ್ಸುಗಳಿವೆ, ಬೇಸಿಗೆಯಲ್ಲಿ ಹೆಚ್ಚು, ಚಳಿಗಾಲದಲ್ಲಿ ಕಡಿಮೆ. ಹೊರಡುವ ಬಸ್ಸಿಗಿಂತ ಮರಳುವ ಕೊನೆಯ ಬಸ್ಸಿನ ಸಮಯವನ್ನು ಮೊದಲು ಬರೆದಿಟ್ಟುಕೊಳ್ಳಿ.

ಕಾರು ಬಾಡಿಗೆಗೆ ಪಡೆದರೆ, ನಮ್ಮ ಹಾಗೆ ಎಡಬದಿಯ ಓಡಾಟವಾದ್ದರಿಂದ ಅಭ್ಯಾಸದ ಕಷ್ಟವಿಲ್ಲ, ಭಾರತದ ಲೈಸೆನ್ಸಿನಲ್ಲಿ ಹನ್ನೆರಡು ತಿಂಗಳವರೆಗೆ ಓಡಿಸಬಹುದು. ಕಷ್ಟ ಬೇರೆ ಇದೆ: ಎರಡೂ ಬದಿ ಕಲ್ಲಿನ ಗೋಡೆ, ನಡುವೆ ಒಂದೇ ಗಾಡಿ ಹಿಡಿಸುವ ರಸ್ತೆ. ಎದುರು ಟ್ರ್ಯಾಕ್ಟರ್ ಬಂದರೆ ಇನ್ನೂರು ಅಡಿ ರಿವರ್ಸ್ ಹೋಗುವ ಧೈರ್ಯ ಇರಬೇಕು. ಈ ಮಾರ್ಗವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯುವುದರಿಂದ ಕಾರಿಗಿಂತ ಬಸ್ಸೇ ವಾಸಿ. ಕಾರನ್ನು ಎಲ್ಲಿ ಬಿಟ್ಟಿರೋ ಅಲ್ಲಿಗೇ ಮರಳಬೇಕಾಗುತ್ತದೆ.

ಮೇ, ಜೂನ್, ಸೆಪ್ಟೆಂಬರ್ ಒಳ್ಳೆಯ ತಿಂಗಳುಗಳು. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆಯವರೆಗೂ ಬೆಳಕಿರುತ್ತದೆ. ಡಿಸೆಂಬರಿನಲ್ಲಿ ನಾಲ್ಕೂವರೆಯೊಳಗೆ ಸೂರ್ಯ ಮುಳುಗಿರುತ್ತಾನೆ. ಛತ್ರಿ ಒಯ್ಯಬೇಡಿ. ನಾನು ಒಯ್ದ ಛತ್ರಿ ಬಸ್ಸಿಳಿದ ಎರಡನೇ ನಿಮಿಷಕ್ಕೆ ಕೊಡೆಯಾಗಿ ಉಳಿಯದೆ ಬಟ್ಟಲಾಯಿತು. ಟೋಪಿ ಇರುವ ಮಳೆಯಂಗಿ, ಹಿಡಿತ ಇರುವ ಬೂಟು, ಒಂದು ಜೊತೆ ಹೆಚ್ಚಿನ ಸಾಕ್ಸ್ ಇಷ್ಟು ಸಾಕು. ಮೊಬೈಲ್ ಸಿಗ್ನಲ್ ಕೈಕೊಡುವ ಕಡೆಗಳಿವೆ, ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ.

ಈ ದಾರಿಯಲ್ಲಿ ಒಳಹೊಕ್ಕು ನೋಡುವ ಹಳೆಯ ಗಣಿಗಳು ಗೀವರ್ ಮತ್ತು ಲೆವಾಂಟ್, ಎರಡೂ ವಾರದ ಎಲ್ಲ ದಿನ ತೆರೆದಿರುವುದಿಲ್ಲ. ಎರಡೂ ತೆರೆದಿರುವ ದಿನವನ್ನು ಅವರ ವೆಬ್‌ಸೈಟುಗಳಲ್ಲಿ ನೋಡಿ ಆರಿಸಿಕೊಳ್ಳಿ, ಉಳಿದ ಯೋಜನೆಯನ್ನು ಅದರ ಸುತ್ತ ಹೆಣೆಯಿರಿ.

ಮೊದಲ ನಿಲುಗಡೆ: ಗೀವರ್

ಬೆಳಗ್ಗೆಯೇ ಪೆಂಡೀನ್‌ನಲ್ಲಿ ಇಳಿಯಿರಿ. ಗೀವರ್ ಗಣಿ 1911ರಿಂದ 1990ರವರೆಗೆ ನಡೆಯಿತು. ಮುಚ್ಚಿದ್ದಕ್ಕೆ ಕಾರಣ ಅದಿರು ಮುಗಿದದ್ದಲ್ಲ. ತವರದ ಬೆಲೆ ಬೀಳದಂತೆ ಹಿಡಿದಿಟ್ಟಿದ್ದ ಅಂತರರಾಷ್ಟ್ರೀಯ ತವರ ಮಂಡಳಿಯ ಬೊಕ್ಕಸ 1985ರ ಅಕ್ಟೋಬರಿನಲ್ಲಿ ಬರಿದಾಯಿತು, ಬೆಲೆ ಕುಸಿಯಿತು. ಐದು ವರ್ಷ ಎಳೆದಾಡಿ ಗಣಿ ನಿಂತಿತು. ಆಮೇಲೆ ಪಂಪುಗಳನ್ನೂ ನಿಲ್ಲಿಸಿದರು, ಆಳದ ಸುರಂಗಗಳಲ್ಲಿ ನೀರು ತುಂಬಿಕೊಂಡಿತು.

ಇಲ್ಲಿಗೆ ಕನಿಷ್ಠ ಮೂರು ಗಂಟೆ ಕೊಡಿ. ಒಳಗೆ ಹೋದೊಡನೆ ಕೇಳಬೇಕಾದ ಪ್ರಶ್ನೆ ಒಂದೇ: 'ಭೂಗತ ಪ್ರವಾಸ ಎಷ್ಟು ಹೊತ್ತಿಗೆ?' ಆ ಸಮಯ ಗೊತ್ತಾದ ಮೇಲೆ ಉಳಿದದ್ದನ್ನು ನೋಡಿ.

'ಡ್ರೈ' ಎಂಬ ಕಟ್ಟಡವನ್ನು ಬಿಡಬೇಡಿ. ಪಾಳಿ ಮುಗಿಸಿ ಬಂದವರು ಮೈ ತೊಳೆದು ಬಟ್ಟೆ ಬದಲಿಸುತ್ತಿದ್ದ ಜಾಗ ಅದು. ಸಾಲು ಸಾಲು ಲಾಕರುಗಳು, ಬಾಗಿಲುಗಳ ಮೇಲೆ ಆ ಕಾಲದ ಸ್ಟಿಕರುಗಳು, ನೇತುಬಿಟ್ಟ ಕೆಲಸದ ಬಟ್ಟೆ. ಕೊನೆಯ ಪಾಳಿಯವರು ಹೇಗೆ ಬಿಟ್ಟು ಹೋದರೋ ಹಾಗೆಯೇ ಇದೆ. ನನಗೆ ಇಡೀ ಗೀವರ್‌ನಲ್ಲಿ ಗಂಟಲು ಕಟ್ಟಿದ್ದು ಇಲ್ಲಿಯೇ, ಸುರಂಗದಲ್ಲಲ್ಲ.

ಮುಂದೆ ಅದಿರು ಬೇರ್ಪಡಿಸುವ ಮಿಲ್. ಓರೆಯಾಗಿ ಇಟ್ಟ ಅಗಲ ಮೇಜುಗಳು, ಮೇಲೆ ಸಣ್ಣ ಸಣ್ಣ ಪಟ್ಟಿಗಳು. ಪುಡಿ ಮಾಡಿದ ಅದಿರನ್ನು ನೀರಿನೊಡನೆ ಮೇಲೆ ಹರಿಸಿ ಮೇಜನ್ನು ಗಡಗಡ ಅಲುಗಾಡಿಸುತ್ತಾರೆ. ತವರದ ಅದಿರು ಕ್ಯಾಸಿಟರೈಟ್ ನೀರಿಗಿಂತ ಸುಮಾರು 7 ಪಟ್ಟು ತೂಕದ್ದು, ಬೆಣಚುಕಲ್ಲು ಎರಡೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚು. ಹಗುರವಾದದ್ದು ನೀರಿನೊಡನೆ ಜಾರಿಹೋಗುತ್ತದೆ, ಭಾರವಾದದ್ದು ಪಟ್ಟಿಯ ಗುಂಟ ಮೇಜಿನ ಇನ್ನೊಂದು ಅಂಚಿಗೆ ಕಪ್ಪು ಗೆರೆಯಾಗಿ ಬಂದು ಸೇರುತ್ತದೆ. ಅಕ್ಕಿಯಿಂದ ಕಲ್ಲು ಜಾಲಿಸುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ನಮ್ಮಲ್ಲಿ ಹೊಳೆಯ ಮರಳಿನಿಂದ ಚಿನ್ನ ತೆಗೆಯುತ್ತಿದ್ದ ಜಾಲಗಾರರ ಕೆಲಸವೂ ಇದೇ. ಅಕ್ಕಿಗೂ ಇದಕ್ಕೂ ವ್ಯತ್ಯಾಸ ಇಷ್ಟೇ, ಇಲ್ಲಿ ಬೇಡದ್ದು ಹಗುರ, ಬೇಕಾದ್ದು ಭಾರ. ಮೇಜು ಓಡಿಸಿ ತೋರಿಸುವ ಹೊತ್ತಿದ್ದರೆ ಕಾದಿದ್ದು ನೋಡಿ.

ಭೂಗತ ಪ್ರವಾಸದಲ್ಲಿ ಆಧುನಿಕ ಗಣಿಯ ಆಳಕ್ಕೆ ಇಳಿಸುವುದಿಲ್ಲ, ಅಲ್ಲಿ ನೀರಿದೆ. ಕರೆದೊಯ್ಯುವುದು ಅದರ ಪಕ್ಕದ 'ವೀಲ್ ಮೆಕ್ಸಿಕೊ' ಎಂಬ 18ನೇ ಶತಮಾನದ ಹಳೆಯ ಗಣಿಗೆ. ('ವೀಲ್' ಅಂದರೆ ಚಕ್ರವಲ್ಲ. ಕಾರ್ನಿಶ್ ಭಾಷೆಯಲ್ಲಿ ಕೆಲಸದ ಜಾಗ, ಗಣಿ. ಈ ಕರಾವಳಿಯಲ್ಲಿ ಅರ್ಧ ಹೆಸರುಗಳು ಇದರಿಂದಲೇ ಶುರುವಾಗುತ್ತವೆ.) ಹೆಲ್ಮೆಟ್, ಮೇಲಂಗಿ ಅವರೇ ಕೊಡುತ್ತಾರೆ. ಹೆಲ್ಮೆಟ್ ಶಾಸ್ತ್ರಕ್ಕೆ ಕೊಟ್ಟದ್ದು ಅಂದುಕೊಂಡೆ. ಹತ್ತು ಹೆಜ್ಜೆ ಇಡುವುದರೊಳಗೆ ತಲೆ ಮೂರು ಸಲ 'ಟಕ್' ಅಂದಿತು. ಒಬ್ಬ ಮನುಷ್ಯ ಬಗ್ಗಿ ನುಸುಳುವಷ್ಟೇ ಕಲ್ಲು ಕಡಿದಿದ್ದಾರೆ. ಅದಿರಿಲ್ಲದ ಕಲ್ಲನ್ನು ಒಂದು ಗೇಣು ಹೆಚ್ಚು ಕಡಿದರೂ ಅದು ದಂಡ. ಗೋಡೆಗೆ ಒರಗಿದ ತೋಳಿಗೆ ಕಬ್ಬಿಣದ ಕೆಂಪು ಮೆತ್ತಿಕೊಳ್ಳುತ್ತದೆ, ಎಲ್ಲಿಂದಲೋ ನೀರು ತೊಟ್ಟಿಕ್ಕುವ ಸದ್ದು ಬಿಡದೆ ಕೇಳುತ್ತದೆ. ಇಕ್ಕಟ್ಟಿನ ಜಾಗದ ಭಯವಿರುವವರು, ಮಂಡಿ ನೋವಿನವರು ಮೇಲೆಯೇ ಇರಿ. ಅವರಿಗೆ ಮ್ಯೂಸಿಯಂ ಸಾಕಷ್ಟಿದೆ.

ಊಟ ಇಲ್ಲಿಯೇ ಮುಗಿಸಿ. ಕಾರ್ನಿಶ್ ಪೇಸ್ಟಿ ಅಂದರೆ ಅಂಚು ಮಡಿಚಿದ ದೊಡ್ಡ ಕರ್ಜಿಕಾಯಿ, ಸಿಹಿಯ ಬದಲು ಒಳಗೆ ದನದ ಮಾಂಸ, ಆಲೂಗಡ್ಡೆ, ಸ್ವೀಡ್ ಎಂಬ ಗೆಡ್ಡೆ, ಈರುಳ್ಳಿ. ಸಸ್ಯಾಹಾರಿಗಳು ಚೀಸ್ ಮತ್ತು ಈರುಳ್ಳಿಯದನ್ನು ಕೇಳಿ, ಸಾಮಾನ್ಯವಾಗಿ ಎಲ್ಲ ಕಡೆ ಸಿಗುತ್ತದೆ. ಆರ್ಸೆನಿಕ್ ಮೆತ್ತಿದ ಕೈಯಲ್ಲಿ ಅಂಚನ್ನು ಹಿಡಿದು, ತಿಂದಾದ ಮೇಲೆ ಅಂಚನ್ನು ಎಸೆಯುತ್ತಿದ್ದರು ಎಂಬ ಕತೆಯನ್ನು ಎಲ್ಲರೂ ಹೇಳುತ್ತಾರೆ. ಹಳೆಯ ಫೋಟೊಗಳಲ್ಲಿ ಗಣಿಯವರು ಪೇಸ್ಟಿಯನ್ನು ಬಟ್ಟೆಚೀಲದಲ್ಲಿ ಹಿಡಿದು ತಿನ್ನುವುದು ಕಾಣುತ್ತದೆ, ಹಾಗಾಗಿ ನಾನು ಆ ಕತೆಯನ್ನು ಅರ್ಧವಷ್ಟೇ ನಂಬುತ್ತೇನೆ.

ಎರಡನೆಯದು: ಲೆವಾಂಟ್

ಗೀವರ್‌ನಿಂದ ಕಡಲಂಚಿನ ಕಾಲುದಾರಿಯಲ್ಲಿ ಕಾಲು ಗಂಟೆ ನಡೆದರೆ ಲೆವಾಂಟ್. ಕಡಲು ಬಲಗಡೆ ಇರಬೇಕು, ಎಡಗಡೆ ಇದ್ದರೆ ನೀವು ದೀಪಸ್ತಂಭದ ಕಡೆ ಹೊರಟಿದ್ದೀರಿ.

ಲೆವಾಂಟ್ ಈಗ ಪರಂಪರೆಯ ತಾಣಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯ ಕೈಯಲ್ಲಿದೆ. 1840ರ ತೊಲೆಯಂತ್ರ, ಅಂದರೆ ಬೀಮ್ ಎಂಜಿನ್, ತನ್ನ ಮೂಲ ಗೂಡಿನಲ್ಲೇ ಇದೆ. 1930ರಲ್ಲಿ ಗಣಿ ಮುಚ್ಚಿದ ಮೇಲೆ ಗುಜರಿಗೆ ಹೋಗಬೇಕಾಗಿದ್ದ ಅದನ್ನು 1935ರಲ್ಲಿ ಕೆಲವು ಆಸಕ್ತರು ಸೇರಿ ಉಳಿಸಿಕೊಂಡರು. ಉಗಿಯಲ್ಲಿ ಓಡಿಸುವ ದಿನ ನೋಡಿಕೊಂಡು ಹೋಗಿ. ದೊಡ್ಡ ಸದ್ದು ನಿರೀಕ್ಷಿಸಿದ್ದೆ. ನಿದ್ದೆಯಲ್ಲಿರುವ ಎಮ್ಮೆಯ ಉಸಿರಿನ ಹಾಗೆ ಇತ್ತು, ಜೊತೆಗೆ ಬಿಸಿ ಎಣ್ಣೆಯ ವಾಸನೆ.

ಯಂತ್ರ ನೋಡಿದ ಮೇಲೆ ಸುರುಳಿ ಮೆಟ್ಟಿಲಿಳಿದು ಒಂದು ಸುರಂಗ ದಾಟಿದರೆ 'ಮ್ಯಾನ್ ಎಂಜಿನ್' ಇದ್ದ ಶಾಫ್ಟಿನ, ಅಂದರೆ ಗಣಿಗೆ ಇಳಿಯುವ ಬಾವಿಯ, ಬಾಯಿ ಕಾಣುತ್ತದೆ. ನೂರಾರು ಮೀಟರ್ ಆಳದಿಂದ ಏಣಿ ಹತ್ತಿ ಬರಲು ಕೆಲಸಗಾರರ ಜೀವ ಸಾಕಾಗುತ್ತಿತ್ತು. ಅದಕ್ಕೆ ಕಂಡುಕೊಂಡ ಉಪಾಯ ಇದು: ಶಾಫ್ಟಿನ ಉದ್ದಕ್ಕೂ ಇಳಿಬಿಟ್ಟ ಮರದ ದೂಲ, ಅದರಲ್ಲಿ ಹನ್ನೆರಡು ಅಡಿಗೊಂದು ಕಾಲುಹಲಗೆ. ದೂಲ ಹನ್ನೆರಡು ಅಡಿ ಮೇಲೇರಿದಾಗ ಪಕ್ಕದ ಗೋಡೆಯ ಕಟ್ಟೆಗೆ ದಾಟಬೇಕು, ದೂಲ ಕೆಳಗಿಳಿದಾಗ ಅದರ ಮುಂದಿನ ಹಲಗೆಗೆ ಹೆಜ್ಜೆ ಇಡಬೇಕು. ಕತ್ತಲಲ್ಲಿ, ತಾಳ ತಪ್ಪದೆ, ಮೇಲಿನವರೆಗೂ ಹೀಗೆಯೇ. 1919ರ ಅಕ್ಟೋಬರ್ 20ರಂದು ಪಾಳಿ ಮುಗಿದು ಜನ ಮೇಲೇರುತ್ತಿದ್ದಾಗ ದೂಲವನ್ನು ಮೇಲಿನ ಯಂತ್ರಕ್ಕೆ ಜೋಡಿಸಿದ್ದ ಲೋಹದ ಕೊಂಡಿ ಮುರಿಯಿತು. 31 ಮಂದಿ ಸತ್ತರು.

ಲೆವಾಂಟ್‌ನ ಸುರಂಗಗಳು ಕಡಲಿನಡಿ ಒಂದು ಮೈಲಿಯಷ್ಟು ದೂರ ಹೋಗಿವೆ. ಕಟ್ಟೆಯ ಮೇಲೆ ನಿಂತು ಅಲೆಗಳನ್ನು ನೋಡುವಾಗ ಈ ಒಂದು ಮೈಲಿಯನ್ನು ಕಣ್ಣಲ್ಲೇ ಅಳೆದು ನೋಡಿ.

ಮೂರನೆಯದು: ಬೊಟ್ಯಾಲಕ್

ಮುಂದೆ ಅರ್ಧ, ಮುಕ್ಕಾಲು ಗಂಟೆಯ ನಡಿಗೆ. ದಾರಿಯಲ್ಲಿ ಕಬ್ಬಿಣದ ಬಲೆಯ ಶಂಕುಗಳು ಸಿಗುತ್ತವೆ. ಹಳೆಯ ಶಾಫ್ಟುಗಳ ಬಾಯಿಗೆ ಹಾಕಿದ ಮುಚ್ಚಳಗಳು ಅವು, ಬಾವಲಿಗಳು ಓಡಾಡಲಿ ಎಂದು ಬಲೆಯಾಗಿ ಮಾಡಿದ್ದಾರೆ. ಮೇಲೆ ಹತ್ತಬೇಡಿ, ಬೇಲಿ ದಾಟಬೇಡಿ, ಬಂಡೆಯಲ್ಲಿ ಕಾಣುವ ಯಾವ ಸುರಂಗದ ಬಾಯಿಯೊಳಗೂ ನುಗ್ಗಬೇಡಿ. ಕಡಲಂಚಿನಲ್ಲಿ ಕಟಾಂಜನವಿಲ್ಲ, ಮಕ್ಕಳ ಕೈ ಹಿಡಿದುಕೊಂಡೇ ನಡೆಯಿರಿ. ಯಾರಾದರೂ ಬಿದ್ದರೆ 999ಕ್ಕೆ ಕರೆ ಮಾಡಿ ಕೋಸ್ಟ್‌ಗಾರ್ಡ್ ಎಂದು ಕೇಳಬೇಕು.

ಪೋಸ್ಟ್‌ಕಾರ್ಡಿನ ಆ ಎರಡು ಗೂಡುಗಳು ಇಲ್ಲಿವೆ. ಹೆಸರು 'ಕ್ರೌನ್ಸ್'. ಗೀವರ್, ಲೆವಾಂಟ್ ನೋಡಿ ಬಂದಿದ್ದರೆ ಈಗ ನೀವೇ ಇವನ್ನು ಓದಬಲ್ಲಿರಿ. ನಾಲ್ಕು ಗೋಡೆಗಳಲ್ಲಿ ಒಂದು ಮಾತ್ರ ವಿಪರೀತ ದಪ್ಪ ಇರುತ್ತದೆ, ಉಳಿದವಕ್ಕಿಂತ ಗಿಡ್ಡವಾಗಿಯೂ ಇರುತ್ತದೆ. ಟನ್ನುಗಟ್ಟಲೆ ತೂಕದ ತೊಲೆ ತಕ್ಕಡಿಯ ದಂಡದಂತೆ ಕೂರುತ್ತಿದ್ದುದು ಅದರ ಮೇಲೆ, ಅರ್ಧ ಒಳಗೆ, ಅರ್ಧ ಹೊರಗೆ. ಒಳಗಿನ ತುದಿಯನ್ನು ಉಗಿ ಎಳೆದರೆ ಹೊರಗಿನ ತುದಿ ಶಾಫ್ಟಿನಿಂದ ನೀರನ್ನೋ ಅದಿರನ್ನೋ ಎತ್ತುತ್ತಿತ್ತು. ಗೋಡೆಗಳಲ್ಲೊಂದರಲ್ಲಿ ಅಷ್ಟೆತ್ತರದ ಬಾಗಿಲು ಯಾಕೆ? ಸಿಲಿಂಡರನ್ನು ಒಳಗೆ ತರಲು. ಹೊಗೆಗೂಡು ಬುಡದಲ್ಲಿ ಕಲ್ಲು, ತುದಿಯಲ್ಲಿ ಇಟ್ಟಿಗೆ, ಎತ್ತರಕ್ಕೆ ಇಟ್ಟಿಗೆಯೇ ಹಗುರ. ಇಷ್ಟು ಗೊತ್ತಾದರೆ ಕಾರ್ನ್‌ವಾಲ್‌ನ ಯಾವ ಗುಡ್ಡದ ಮೇಲಿನ ಪಾಳುಗೋಡೆ ಕಂಡರೂ ಶಾಫ್ಟು ಯಾವ ಬದಿಗಿತ್ತು ಎಂದು ಬೆರಳು ತೋರಿಸಬಹುದು.

ಕೆಳಗಿನ ಗೂಡು ನೀರೆತ್ತುವುದಕ್ಕೆ, ಮೇಲಿನದು ಕಡಲಿನಡಿಗೆ ಓರೆಯಾಗಿ ಇಳಿಯುವ ಶಾಫ್ಟಿನಿಂದ ಅದಿರು ಎಳೆಯುವುದಕ್ಕೆ. ಬಿರುಗಾಳಿಯ ದಿನ ಕೆಳಗೆ ಕೆಲಸ ಮಾಡುತ್ತಿದ್ದವರಿಗೆ ನೆತ್ತಿಯ ಮೇಲೆ, ಕಡಲ ತಳದಲ್ಲಿ, ಬಂಡೆಗಳು ಉರುಳುವ ಸದ್ದು ಕೇಳುತ್ತಿತ್ತಂತೆ. 1865ರಲ್ಲಿ ವೇಲ್ಸ್ ಯುವರಾಜ ದಂಪತಿ ಇಲ್ಲಿ ಇಳಿದು ನೋಡಿದರು. 1895ರಲ್ಲಿ ಗಣಿ ನಿಂತಿತು.

ಫೋಟೊ ತೆಗೆಯುವವರಿಗೆ: ಮಧ್ಯಾಹ್ನದ ನಂತರ ಸೂರ್ಯ ಕಡಲ ಕಡೆ ಇಳಿಯುತ್ತ ಗೂಡುಗಳ ಮೇಲೆ ಬೆಳಕು ಬೀಳುತ್ತದೆ, ಬೆಳಗ್ಗೆ ಬಂಡೆಯ ನೆರಳಿರುತ್ತದೆ. ಗೀವರ್‌ನಿಂದ ಶುರುಮಾಡುವುದಕ್ಕೆ ಇದೂ ಒಂದು ಕಾರಣ.

ಎಲ್ಲರೂ ಕ್ರೌನ್ಸ್ ನೋಡಿ ಮರಳುತ್ತಾರೆ. ನೀವು ಮೇಲಕ್ಕೆ ಹತ್ತಿ ಆರ್ಸೆನಿಕ್ ತೆಗೆಯುತ್ತಿದ್ದ ಚಕ್ರಬಂಧವನ್ನು ನೋಡಿ. ಅದಿರನ್ನು ಸುಟ್ಟಾಗ ಏಳುವ ವಿಷದ ಹೊಗೆಯನ್ನು ಅಂಕುಡೊಂಕಾದ ಕೋಣೆಗಳೊಳಗೆ ಸುತ್ತಿಸಿ ತಣಿಸುತ್ತಿದ್ದರು, ಆರ್ಸೆನಿಕ್ ಗೋಡೆಗೆ ಕಟ್ಟಿಕೊಳ್ಳುತ್ತಿತ್ತು. ಆಮೇಲೆ ಮನುಷ್ಯರೇ ಒಳಹೊಕ್ಕು ಅದನ್ನು ಕೆರೆದು ತೆಗೆಯುತ್ತಿದ್ದರು. ರಕ್ಷಣೆ ಅಂದರೆ ಮೂಗಿಗೆ ಹತ್ತಿ, ಮೈಗೆ ಜೇಡಿ ಮಣ್ಣು. ಆ ಪುಡಿ ಅಮೆರಿಕದ ಹತ್ತಿ ಹೊಲಗಳ ಕೀಟ ಕೊಲ್ಲಲು ಹಡಗೇರಿತು.

ಬೊಟ್ಯಾಲಕ್ ದಾಟಿ ಸ್ವಲ್ಪ ಮುಂದೆ ವೀಲ್ ಓಲ್ಸ್. ಇಲ್ಲಿ ಒಂದು ನಕ್ಷೆಯ ತಪ್ಪು ಇಪ್ಪತ್ತು ಜೀವ ತೆಗೆಯಿತು. ದಿಕ್ಸೂಚಿಯ ಉತ್ತರ ವರ್ಷದಿಂದ ವರ್ಷಕ್ಕೆ ಸ್ವಲ್ಪ ಸ್ವಲ್ಪ ಸರಿಯುತ್ತದೆ. ಗಣಿಯ ನಕ್ಷೆಯಲ್ಲಿ ಆ ಸರಿತವನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಪಕ್ಕದಲ್ಲಿ ನೀರು ತುಂಬಿ ನಿಂತಿದ್ದ ಹಳೆಯ ಸುರಂಗ ದೂರವಿದೆ ಎಂದು ಕಾಗದ ಹೇಳುತ್ತಿತ್ತು. 1893ರ ಜನವರಿ 10ರಂದು ಗೋಡೆ ಒಡೆಯಿತು. 19 ಗಂಡಸರು, ಒಬ್ಬ ಹುಡುಗ. ದೇಹಗಳು ಇಂದಿಗೂ ಕೆಳಗೇ ಇವೆ.

ನಾಲ್ಕನೆಯದು: ಕೇಪ್ ಕಾರ್ನ್‌ವಾಲ್

ಕೆನಿಜ್ಯಾಕ್ ಕಣಿವೆಗೆ ಇಳಿದು ಮತ್ತೆ ಹತ್ತಬೇಕು, ದಿನದ ನಡಿಗೆಯಲ್ಲಿ ಕಾಲು ನೋಯಿಸುವುದು ಇದೊಂದೇ. ಕಾಲು ಸೋತಿದ್ದರೆ ಬೊಟ್ಯಾಲಕ್‌ನಿಂದಲೇ ಮುಖ್ಯರಸ್ತೆಗೆ ಹತ್ತಿ ಬಸ್ಸು ಹಿಡಿಯಿರಿ, ಅವಮಾನವೇನಿಲ್ಲ.

ಕೇಪ್‌ನ ತಲೆಯ ಮೇಲೆ ಒಂಟಿ ಹೊಗೆಗೂಡು ನಿಂತಿದೆ. ಇಲ್ಲಿನ ಗಣಿ ಮುಚ್ಚಿದರೂ ಕಡಲಿನವರಿಗೆ ಗುರುತಾಗಿ ಅದು ಉಳಿಯಿತು. 1987ರಲ್ಲಿ ಈ ಜಾಗವನ್ನು ಹೈನ್ಜ್ ಕಂಪನಿ, ಹೌದು, ಅದೇ ಕೆಚಪ್‌ನವರು, ಕೊಂಡು ದೇಶಕ್ಕೆ ದಾನ ಕೊಟ್ಟರು. ಈಗ ನ್ಯಾಷನಲ್ ಟ್ರಸ್ಟ್ ನೋಡಿಕೊಳ್ಳುತ್ತದೆ. ಕೆಂಪು ಕೊಕ್ಕು, ಕೆಂಪು ಕಾಲಿನ ಕಾಗೆ ಕಂಡರೆ ನಿಂತು ನೋಡಿ. ಅದು ಚಫ್, ಕಾರ್ನ್‌ವಾಲ್‌ನ ಲಾಂಛನದ ಹಕ್ಕಿ. ಇಲ್ಲಿಂದ ಪೂರ್ತಿ ಕಾಣೆಯಾಗಿದ್ದು 2001ರಲ್ಲಿ ತಾನಾಗಿಯೇ ಮರಳಿ ಬಂತು.

ಇಲ್ಲಿಂದ ಸೇಂಟ್ ಜಸ್ಟ್ ಊರಿಗೆ ಅರ್ಧ ಗಂಟೆಯ ಏರು. ಪೆನ್ಜಾನ್ಸ್ ಬಸ್ಸು ಅಲ್ಲಿಂದ.

ಇನ್ನೊಂದೆರಡು ದಿನ ಇದ್ದರೆ

ಪೋರ್ತ್‌ಕರ್ನೋಗೆ ಹೋಗಿ. 1870ರಲ್ಲಿ ಮುಂಬಯಿಯವರೆಗಿನ ಟೆಲಿಗ್ರಾಫ್ ಸಂಪರ್ಕದ ಕಡಲಡಿಯ ಕೇಬಲ್ ಬ್ರಿಟನ್ನಿನ ದಡ ಹತ್ತಿದ್ದು ಈ ಪುಟ್ಟ ಕೊಲ್ಲಿಯಲ್ಲಿ. ಎರಡನೇ ಮಹಾಯುದ್ಧದಲ್ಲಿ ಉಪಕರಣಗಳನ್ನು ಕಾಪಾಡಲು ಗುಡ್ಡದೊಳಗೆ ಸುರಂಗ ಕೊರೆದರು, ಈಗ ಅಲ್ಲಿ ಮ್ಯೂಸಿಯಂ ಇದೆ. ಮಳೆ ಹಿಡಿದುಕೊಂಡ ದಿನಕ್ಕೆ ಇದನ್ನು ಮೀಸಲಿಡಿ. ಮೇಲೆ ಬಂಡೆಯಲ್ಲಿ ಕೊರೆದ ಮಿನಾಕ್ ರಂಗಮಂದಿರ. ರೊವೀನಾ ಕೇಡ್ ಎಂಬ ಹೆಂಗಸು ತನ್ನ ತೋಟದ ಕೆಳಗಿನ ಕಡಿದಾದ ಜಾಗದಲ್ಲಿ ಇದನ್ನು ಕಟ್ಟಿಸಿದಳು, ತಾನೂ ಕಲ್ಲುಮಣ್ಣು ಹೊತ್ತಳು. ಮೊದಲ ನಾಟಕ ಆಡಿದ್ದು 1932ರಲ್ಲಿ. ಸಂಜೆಯ ನಾಟಕಕ್ಕೆ ಟಿಕೆಟ್ ಸಿಕ್ಕರೆ ಕೂರಲು ದಿಂಬು, ಹೊದೆಯಲು ಕಂಬಳಿ ಒಯ್ಯಿರಿ.

ನಾಡಿನ ತುದಿಯೆಂದು ಹೆಸರಾದ ಲ್ಯಾಂಡ್ಸ್ ಎಂಡ್ ಬಗ್ಗೆ ನನ್ನ ಮಾತು ಕೆಲವರಿಗೆ ಹಿಡಿಸದು. ಕೇಪ್ ಕಾರ್ನ್‌ವಾಲ್ ನೋಡಿದವರಿಗೆ ಅಲ್ಲಿ ಹೊಸದಾಗಿ ಸಿಗುವುದು ಅಂಗಡಿಗಳು ಮತ್ತು ದುಡ್ಡು ಕೊಟ್ಟು ಫೋಟೊ ತೆಗೆಸಿಕೊಳ್ಳುವ ಕೈಮರ. ಹೋಗಲೇಬೇಕೆಂದರೆ ಸೆನನ್ ಕೋವ್ ಮರಳುತೀರದಿಂದ ಕಾಲುದಾರಿಯಲ್ಲಿ ನಡೆದು ಹೋಗಿ.

ಸೇಂಟ್ ಮೈಕಲ್ಸ್ ಮೌಂಟ್ ಮರಜಾಯನ್ ಊರಿನೆದುರು ಕಡಲಲ್ಲಿರುವ ಕೋಟೆ. ಇಳಿತದಲ್ಲಿ ಕಲ್ಲು ಹಾಸಿದ ದಾರಿ ತೆರೆದುಕೊಳ್ಳುತ್ತದೆ, ಭರತದಲ್ಲಿ ಮುಳುಗುತ್ತದೆ. ದಾರಿ ತೆರೆಯುವ ಮತ್ತು ಮುಚ್ಚುವ ಸಮಯವನ್ನು ಅಂದಂದೇ ನೋಡಬೇಕು, ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ನಾನು ಸಮಯ ನೋಡದೆ ಹೋಗಿ, ಚಹಾ ಕುಡಿಯುತ್ತ ಕೂತೆ. ಎದ್ದು ನೋಡಿದರೆ ದಾರಿಯ ನಡುವೆ ಮೊಣಕಾಲುದ್ದ ನೀರು. ದೋಣಿಯವನಿಗೆ ದುಡ್ಡು ಕೊಟ್ಟು ದಡ ಸೇರಿದೆ. ನೀರು ಏರುತ್ತಿರುವಾಗ ನಡೆದು ದಾಟಿಬಿಡೋಣ ಎನ್ನುವ ಹುಮ್ಮಸ್ಸು ಮಾತ್ರ ಬೇಡ.

ಸೇಂಟ್ ಐವ್ಸ್‌ಗೆ ಸೇಂಟ್ ಅರ್ತ್ ನಿಲ್ದಾಣದಿಂದ ಪುಟ್ಟ ರೈಲು ಹಿಡಿಯಿರಿ, ಬಲಗಡೆ ಕೂತುಕೊಳ್ಳಿ. ಬೇಸಿಗೆಯಲ್ಲಿ ಆ ಊರಿನ ಓಣಿಗಳಿಗೆ ಕಾರು ಒಯ್ದವರು ಪಾರ್ಕಿಂಗ್ ಹುಡುಕುವುದರಲ್ಲೇ ದಿನ ಕಳೆಯುತ್ತಾರೆ.

ಲಂಡನ್ನಿಗೆ ಮರಳುವಾಗ ರೈಲು ಕ್ಯಾಂಬೋರ್ನ್ ಬಿಟ್ಟ ಮೇಲೆ ಎಡಗಡೆಯ ಕಿಟಕಿಯಿಂದ ನೋಡುತ್ತಿರಿ. ರೆಡ್‌ರೂತ್ ಬರುವುದರೊಳಗೆ ಸೌತ್ ಕ್ರಾಫ್ಟಿ ಗಣಿಯ ಎತ್ತರದ ಕಬ್ಬಿಣದ ಚೌಕಟ್ಟು ದಾಟಿಹೋಗುತ್ತದೆ. ಕಾರ್ನ್‌ವಾಲ್‌ನಲ್ಲಿ ಎಲ್ಲಕ್ಕಿಂತ ಕೊನೆಗೆ, 1998ರಲ್ಲಿ, ಮುಚ್ಚಿದ ತವರದ ಗಣಿ ಅದು. ಮತ್ತೆ ತೆರೆಯುವುದಕ್ಕಾಗಿ ಅದರೊಳಗಿನ ನೀರನ್ನು ಪಂಪು ಮಾಡಿ ಹೊರಹಾಕುವ ಕೆಲಸ ಹಿಡಿದಿದ್ದಾರೆ.